ಹಂಪಿ, ಬಾದಾಮಿ ಸುತ್ತೋಕೆ ಸ್ವಂತ ಕಾರೋ, ಬಾಡಿಗೆ ಗಾಡಿಯೋ? ಹೋಗಿಬಂದವರು ಹೇಳಿ

ಜಯನಗರದ ಹುಡುಗ:
ಡಿಸೆಂಬರ್ ರಜೆಯಲ್ಲಿ ಐದು ಜನ ಗೆಳೆಯರು ಬೆಂಗಳೂರಿನಿಂದ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿ ಬರೋಣ ಅಂತಿದ್ದೇವೆ. ಅರಮನೆ, ದೇವಸ್ಥಾನ ಎರಡೂ ನೋಡಬೇಕು. ನನ್ನ ಹಳೇ ಸಣ್ಣ ಕಾರು ಸಾಕಾ, ದೊಡ್ಡ ಗಾಡಿ ಬಾಡಿಗೆಗೆ ತಗೊಳ್ಳಬೇಕಾ? ಒಬ್ಬನಿಗೆ ಮೊಣಕಾಲಿನ ಆಪರೇಷನ್ ಆಗಿದೆ, ಜಾಸ್ತಿ ಮೆಟ್ಟಿಲು ಹತ್ತಲಾರ.

ಬಂಪರ್ ಸಂತ್ರಸ್ತ:
ಬಾಡಿಗೆ ಗಾಡಿ ಸಹವಾಸವೇ ಬೇಡ. ನಾವು ಏಳು ಸೀಟಿನದು ತಗೊಂಡೆವು. ಡೆಪಾಸಿಟ್ 10,000. ಟ್ಯಾಂಕ್ ಅರ್ಧ ಇದೆ ಅಂತ ಕಾಗದದಲ್ಲಿ ಬರೆದರು, ಮುಳ್ಳು ಕಾಲು ಭಾಗಕ್ಕೆ ನಿಂತಿತ್ತು. ಕೇಳಿದರೆ 'ಸೆನ್ಸರ್ ಹಾಗೇ ಸಾರ್' ಅಂದರು. ಊರು ದಾಟುವ ಮೊದಲೇ ಡೀಸೆಲ್‌ಗೆ 3,000. ಫಾಸ್ಟ್ಯಾಗ್‌ನಲ್ಲಿ ಬಿಡಿಗಾಸಿಲ್ಲ, ಮೊದಲ ಟೋಲ್‌ನಲ್ಲೇ ಡಬಲ್ ಕಟ್ಟಿದೆವು.

ಪಟ್ಟದಕಲ್ಲಿನಿಂದ ಐಹೊಳೆಗೆ ಹೋಗುವಾಗ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು. ಜಾಗ ಬಿಡೋಣ ಅಂತ ಪಕ್ಕಕ್ಕೆ ಇಳಿಸಿದರೆ ಬಂಪರ್ ಕೆಳಗೆ ಏನೋ ಗೀರಿತು. ಬೆರಳುದ್ದ, ಅಷ್ಟೇ. ವಾಪಸ್ ಕೊಟ್ಟಾಗ ಅವರ ಹುಡುಗ ಮೊಬೈಲ್ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿಯೇ ಬಿಟ್ಟ. ಬಂಪರ್ 4,800. ಪೇಂಟ್ 1,200. 'ವರ್ಕ್‌ಶಾಪಲ್ಲಿ ನಿಂತ ನಷ್ಟ' 2,400. ತೊಳೆಯೋಕೆ 500 ಬೇರೆ. ಕೈಗೆ ವಾಪಸ್ ಬಂದದ್ದು 1,100. ಐಹೊಳೆಯ ದುರ್ಗ ಗುಡಿ ಮುಂದೆ ತೆಗೆದ ಫೋಟೊದಲ್ಲಿ ಎಲ್ಲರ ಮುಖವೂ ಬಾಡಿದೆ.

ಹಳೇ ಆಲ್ಟೊ:
ಗಾಡಿ ತಗೊಳ್ಳುವಾಗ ಸುತ್ತ ವಿಡಿಯೊ ಮಾಡಬೇಕು ಅಂತ ಯಾರಿಗೆ ಗೊತ್ತಿಲ್ಲ? ನಮ್ಮದು ಸ್ವಂತ ಗಾಡಿ, ಲಕ್ಷ ಕಿಲೋಮೀಟರ್ ದಾಟಿದ್ದು. ಐದು ಜನ, ಬ್ಯಾಗೆಲ್ಲ ಕಾಲಡಿ. ಚಿತ್ರದುರ್ಗದಲ್ಲಿ ಹೆದ್ದಾರಿ 48 ಬಿಟ್ಟು 50 ಹಿಡಿದ ಮೇಲೆ ರಸ್ತೆ ಬೆಣ್ಣೆ ಥರ ಇತ್ತು. ಕೂಡ್ಲಿಗಿ ಹತ್ತಿರ ಆಲ್ಟರ್ನೇಟರ್ ಬೆಲ್ಟ್ ಹೋಯಿತು, ನಿಜ. ಮೆಕ್ಯಾನಿಕ್ ಹತ್ತಿರ ಆ ಸೈಜ್ ಇರಲಿಲ್ಲ. ಹೊಸಪೇಟೆ ಅಂಗಡಿಯವರು ಬೆಲ್ಟನ್ನು ಪೇಪರ್‌ನಲ್ಲಿ ಸುತ್ತಿ, ಮೇಲೆ ಪೆನ್ನಲ್ಲಿ ನನ್ನ ನಂಬರ್ ಬರೆದು, ಬಸ್ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದರು. ಬೆಲ್ಟ್ 620, ಕೂಲಿ 350, ಕಂಡಕ್ಟರ್‌ಗೆ ಕಾಫಿ ದುಡ್ಡು 100. ಒಟ್ಟು 1,070. ನಿಮ್ಮ ಗೀರಿನ ಪೇಂಟ್‌ಗಿಂತ ಕಡಿಮೆ!

ಬಂಪರ್ ಸಂತ್ರಸ್ತ:
ವಿಡಿಯೊ ಮಾಡಿದ್ದೆವು ಸ್ವಾಮಿ. ಬಂಪರ್ ಕೆಳಗೆ ತೂರಿ ಯಾರು ಮಾಡುತ್ತಾರೆ? ಅದಿರಲಿ, ಕೂಡ್ಲಿಗಿಯಲ್ಲಿ ಎಷ್ಟು ಹೊತ್ತು ಕಾದಿರಿ? ಅದನ್ನು ಬರೆಯಲೇ ಇಲ್ಲ.

ಹಳೇ ಆಲ್ಟೊ:
ಮಧ್ಯಾಹ್ನ ಪೂರ್ತಿ. ಮಂಡಕ್ಕಿ ಮೆಣಸಿನಕಾಯಿ ಚೆನ್ನಾಗಿತ್ತು. ನಿಮಗೇನು ಕಷ್ಟ?

ಕುವೆಂಪುನಗರದ ಗೆಳತಿ:
ಅರಮನೆ ನೋಡೋಕೆ ಹಂಪಿಗೆ ಯಾಕೆ ಹೋಗುತ್ತೀರಿ? ಅಲ್ಲಿ ರಾಜನ ಅರಮನೆ ಅಂತ ತೋರಿಸುವ ಜಾಗದಲ್ಲಿ ಉಳಿದಿರುವುದು ಕಲ್ಲಿನ ಜಗತಿ, ಅಂದರೆ ಅಡಿಕಟ್ಟೆ, ಅಷ್ಟೇ. ನಾವು ಗೆಳತಿಯರು ಮೈಸೂರು, ಸೋಮನಾಥಪುರ, ಬೇಲೂರು, ಹಳೇಬೀಡು ಮಾಡಿದೆವು. ಆ ಮೂರು ಹೊಯ್ಸಳ ದೇವಸ್ಥಾನಗಳೂ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಾಕುತ್ತಾರೆ, ಅದನ್ನೂ ನೋಡಿದೆವು. ಬೇಜಾರಾದದ್ದು ಒಂದೇ. ಡ್ರೈವರ್ ಬಾಟಾ ದಿನಕ್ಕೆ 500 ಅಂತ ಮಾತಾಗಿತ್ತು. ಬೇಲೂರಲ್ಲಿ ರಾತ್ರಿ ಉಳಿದದ್ದಕ್ಕೆ ಇನ್ನೂ 400 ಕೇಳಿದ. ರೂಮ್ ನಾವೇ ಕೊಡಿಸಿದ್ದೆವು, ಊಟವೂ ನಮ್ಮದೇ. ಮತ್ತೆ ಯಾವ ಲೆಕ್ಕದ 400?

ಗದಗದ ಕಡೆಯವ:
ಮೇಡಂ, ನಿಮ್ಮ ಅರಮನೆ ಕಟ್ಟಿ ಮುಗಿಸಿದ್ದು 1912ರಲ್ಲಿ. ಅದಕ್ಕೂ ಮೊದಲಿದ್ದ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು. ಈಗಿನದರ ನಕ್ಷೆ ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್‌ನವನದು. ಅದನ್ನು ತಂದು ಹಂಪಿ ಪಕ್ಕ ಇಡಬೇಡಿ. 'ಜಗತಿ ಅಷ್ಟೇ' ಅನ್ನುವವರು ಮಹಾನವಮಿ ದಿಬ್ಬದ ಗೋಡೆ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿಲ್ಲ. ಆನೆ, ಬೇಟೆ, ಕುಸ್ತಿ, ಕುದುರೆ ತಂದ ಪರದೇಶದ ವ್ಯಾಪಾರಿಗಳು, ಸಾಲು ಸಾಲು ಕೆತ್ತನೆ.

ಇನ್ನೊಂದು ಸಿಟ್ಟು. ಬೆಂಗಳೂರಿನವರು ಹಂಪಿಯಿಂದ ಬಾದಾಮಿಗೆ ಒಂದೇ ಓಟ ಓಡುತ್ತಾರೆ. ಮಧ್ಯೆ ಇಟಗಿ ಇದೆ ಅನ್ನೋದೇ ಗೊತ್ತಿಲ್ಲ. 1112ರ ಮಹಾದೇವ ದೇವಾಲಯ, ಶಾಸನದಲ್ಲೇ 'ದೇವಾಲಯ ಚಕ್ರವರ್ತಿ' ಅಂತ ಕರೆದಿದ್ದಾರೆ. ನಾನು ಕಾಲೇಜಿನ ಗೆಳೆಯರನ್ನು ಮುದ್ದಾಂ ಕರೆದುಕೊಂಡು ಹೋದೆ. ಇಬ್ಬರು ಎಸಿ ಹಾಕಿಕೊಂಡು ಕಾರಲ್ಲೇ ನಿದ್ದೆ ಮಾಡಿದರು. ಲಕ್ಕುಂಡಿಯಲ್ಲೂ ಅದೇ ಕಥೆ. ಪೆಟ್ರೋಲ್ ನನ್ನದು.

ಕುವೆಂಪುನಗರದ ಗೆಳತಿ:
ನಕ್ಷೆ ಯಾರದಾದರೇನು, ಒಳಗೆ ದುಡಿದವರು ನಮ್ಮವರು. ಮಲಗಿದ್ದ ಗೆಳೆಯರ ಮೇಲಿನ ಸಿಟ್ಟು ನನ್ನ ಮೇಲೆ ಯಾಕೆ?

ಲೆಕ್ಕದ ಪುಸ್ತಕ:
ಗಾಡಿ ಯಾವುದಾದರೂ ಇರಲಿ, ದುಡ್ಡಿನ ಮಾತು ಮೊದಲೇ ಮುಗಿಸಿ. ನಮ್ಮ ಜೊತೆ ಬಂದವನೊಬ್ಬ ಆಫೀಸಿಂದ ಕರೆ ಬಂತು ಅಂತ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದ. ಆಮೇಲೆ ಬಾದಾಮಿ ರೂಮಿನ ಪಾಲು 900 ಕೊಡೋಲ್ಲ ಅಂದ. ರೂಮ್ ಐದು ಜನಕ್ಕೆ ಅಂತಲೇ ಬುಕ್ ಆಗಿತ್ತು, ಕ್ಯಾನ್ಸಲ್ ಆಗಲಿಲ್ಲ. ಪೆಟ್ರೋಲ್ 640 ಕೂಡ ಬಾಕಿ. ಮೊನ್ನೆ ಮನೆ ಗೃಹಪ್ರವೇಶಕ್ಕೆ ಕರೆದ. ಹೋಗಿ ಊಟ ಮಾಡಿ, ಮುಯ್ಯಿ ಕೊಡದೆ ಬಂದೆ.

ಹಳೇ ಆಲ್ಟೊ:
ಅರ್ಧಕ್ಕೇ ಹೋದವನು ನೋಡದ ಊರಿಗೆ ಯಾಕೆ ಕೊಡಬೇಕು? ಅವನದೇ ಸರಿ.

ಲೆಕ್ಕದ ಪುಸ್ತಕ:
ನೀವೇ ಅವನಿರಬೇಕು.

ಜಯನಗರದ ಹುಡುಗ:
ಮೊಣಕಾಲಿನ ವಿಷಯ ಯಾರಾದರೂ ಹೇಳುತ್ತೀರಾ?

ಲೆಕ್ಕದ ಪುಸ್ತಕ:
ಹಂಪಿಯ ವಿಠ್ಠಲ ದೇವಸ್ಥಾನಕ್ಕೆ ಪಾರ್ಕಿಂಗ್‌ನಿಂದ ಬ್ಯಾಟರಿ ಗಾಡಿ ಇದೆ. ಅಲ್ಲಿ ತಗೊಂಡ ಟಿಕೆಟ್ ಕಮಲ ಮಹಲಿಗೂ ನಡೆಯುತ್ತದೆ, ಆದರೆ ಅದೇ ದಿನ ಮಾತ್ರ. ಎಸೆಯಬೇಡಿ. ನಮ್ಮವನು ಎಸೆದ, ಮತ್ತೆ ತಗೊಂಡೆವು. ಪಟ್ಟದಕಲ್ಲು ಸಮತಟ್ಟು, ಹುಲ್ಲುಹಾಸು, ನಿಮ್ಮ ಮೊಣಕಾಲಿನವನಿಗೆ ಆರಾಮ. ಬಾದಾಮಿ ಗುಹೆಗಳಿಗೆ ಮಾತ್ರ ಮೆಟ್ಟಿಲೇ ಮೆಟ್ಟಿಲು. ಚಾಲುಕ್ಯ ಮನೆತನದ ಮಂಗಳೇಶನ 578ರ ಶಾಸನ ಇರುವ ಮೂರನೇ ಗುಹೆಯೇ ದೊಡ್ಡದು, ಅದೂ ಮೇಲಿದೆ. ಅವನನ್ನು ಅಗಸ್ತ್ಯ ಕೆರೆ ದಂಡೆಯಲ್ಲಿ ಕೂರಿಸಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ. ಮೆಟ್ಟಿಲ ಹತ್ತಿರ ಕೋತಿಯೊಂದು ನನ್ನ ಕವರ್ ಕಿತ್ತುಕೊಂಡು, ಮಾತ್ರೆ ಶೀಟನ್ನು ಒಂದೊಂದೇ ಒತ್ತಿ ಒತ್ತಿ ನೋಡುತ್ತಾ ಕೂತಿತ್ತು. ಶುಕ್ರವಾರ ಬಾದಾಮಿ ಮ್ಯೂಸಿಯಂ ರಜೆ.

ಗದಗದ ಕಡೆಯವ:
ಊಟಕ್ಕೆ ಬಾದಾಮಿಯ ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂರುವ ಅಮ್ಮಂದಿರ ಹತ್ತಿರ ಹೋಗಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಹೋಟೆಲ್ ಹುಡುಕಬೇಡಿ.

ಬಂಪರ್ ಸಂತ್ರಸ್ತ:
ಅಲ್ಲಿ ನಮಗೆ 600 ಹೇಳಿದರು. ರೊಟ್ಟಿಗೆ!

ಗದಗದ ಕಡೆಯವ:
ಎಷ್ಟು ಜನ ಉಂಡಿರಿ, ಎಷ್ಟು ರೊಟ್ಟಿ ಉಂಡಿರಿ, ಅದನ್ನೂ ಬರೆಯಿರಿ. ಗೀರಿಗೆ ಎಂಟು ಸಾವಿರದ ಒಂಬೈನೂರು ಕೊಟ್ಟವರು ಅಜ್ಜಿ ಹತ್ತಿರ ಚೌಕಾಸಿ ಮಾಡಿದಿರಾ?

ಬಂಪರ್ ಸಂತ್ರಸ್ತ:
ಕೊಟ್ಟದ್ದಲ್ಲ ರೀ, ಹಿಡಿದುಕೊಂಡದ್ದು.