ಸ್ಲಿಮ್ ಡಬ್ಬ, ಒಂದೇ ಸ್ಲಾಟ್, ನಾಲ್ಕು ಮಾನಿಟರ್: ಯಾರಾದರೂ ಮಾಡಿದ್ದೀರಾ?

ಲೆಕ್ಕದಪುಸ್ತಕ:
ಜಿಎಸ್‌ಟಿ ರಿಟರ್ನ್ಸ್ ಹಾಕುವವಳು ನಾನು. ಒಂದು ಮಾನಿಟರ್‌ನಲ್ಲಿ ಲೆಕ್ಕ ಬರೆಯುವ ಟ್ಯಾಲಿ, ಇನ್ನೊಂದರಲ್ಲಿ ಪೋರ್ಟಲ್. 2ಬಿ (ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತಾಳೆ ನೋಡುವಾಗ ಜಾಗ ಸಾಲದು. ತಿಂಗಳ 11, 20ನೇ ತಾರೀಖಿನ ಗಡುವು ಬಂದರೆ ವಿಂಡೋ ಬದಲಿಸಿ ಬದಲಿಸಿ ಕೈ ಸೋತು ಹೋಗುತ್ತದೆ. ಕಂಪ್ಯೂಟರ್ ಹಳೇ ಆಫೀಸ್ ಮಾಲು: ಸ್ಲಿಮ್ ಕ್ಯಾಬಿನೆಟ್, 6ನೇ ಜನರೇಶನ್ ಐ5, 240 ವ್ಯಾಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಹಿಂದೆ ಎರಡು ಡಿಸ್‌ಪ್ಲೇ ಪೋರ್ಟ್, ಒಂದು ವಿಜಿಎ. ಒಳಗೆ ಗ್ರಾಫಿಕ್ಸ್ ಕಾರ್ಡ್ ಕೂರುವ ಉದ್ದನೆಯ ಎಕ್ಸ್16 ಸ್ಲಾಟ್ ಒಂದು ಖಾಲಿ, ಗಿಡ್ಡ ಎಕ್ಸ್1ರಲ್ಲಿ ವೈಫೈ ಕಾರ್ಡ್ ಕೂತಿದೆ. ಮೂರು ಮಾನಿಟರ್ ಬೇಕೇ ಬೇಕು, ನಾಲ್ಕಾದರೆ ಹಬ್ಬ. 6,000 ರೂಪಾಯಿ ಒಳಗೆ ಆಗುತ್ತಾ?

ರಬ್ಬರ್‌ಬ್ಯಾಂಡ್:
ಸರ್, ನನ್ನ ಕಥೆ ಕೇಳಿ, ಆಮೇಲೆ ದುಡ್ಡು ಬಿಚ್ಚಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ 5,900 ಕೊಟ್ಟು ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ತಂದೆ. ಮನೆಗೆ ಬಂದು ನೋಡಿದರೆ ಬ್ರಾಕೆಟ್ (ಕಾರ್ಡನ್ನು ಡಬ್ಬದ ಹಿಂಬದಿಗೆ ಬಿಗಿಯುವ ತಗಡು) ಪೂರ್ತಿ ಉದ್ದದ್ದು, ನನ್ನ ಡಬ್ಬ ಅದರ ಅರ್ಧ. ಅಂಗಡಿಯವನು "ಚಿಕ್ಕ ಬ್ರಾಕೆಟ್ ಬಾಕ್ಸಲ್ಲೇ ಇರುತ್ತೆ" ಅಂದಿದ್ದ. ಇರಲಿಲ್ಲ. ಫೋನ್ ಮಾಡಿದರೆ "ನೀವೇ ಕಳೆದಿರಬೇಕು ನೋಡಿ" ಅಂದ. ಆನ್‌ಲೈನ್‌ನಲ್ಲಿ ಬ್ರಾಕೆಟ್ 350, ಕೊರಿಯರ್ 120, ಬಂದದ್ದು 19 ದಿನಕ್ಕೆ. ಅಷ್ಟು ದಿನ ಕಾರ್ಡನ್ನು ಬರಿಮೈಯಲ್ಲೇ ಸ್ಲಾಟ್‌ಗೆ ಸಿಕ್ಕಿಸಿದ್ದೆ. ಕೇಬಲ್ ಭಾರಕ್ಕೆ ವಾಲುತ್ತಿತ್ತು. ಕೆಳಗೆ ಬೆಂಕಿಪೊಟ್ಟಣದ ರಟ್ಟು ಮಡಿಚಿ ಇಟ್ಟೆ, ಮೇಲೆ ರಬ್ಬರ್ ಬ್ಯಾಂಡ್ ಬಿಗಿದೆ. ಮೊಣಕಾಲು ಮೇಜಿಗೆ ತಾಗಿದರೆ ಪರದೆ ಕಪ್ಪು!

ಇಷ್ಟಾಗಿ ನಿಜವಾದ ಹೊಡೆತ ಇನ್ನೂ ಬಾಕಿ ಇತ್ತು. ಕಾರ್ಡ್ ಹಾಕಿದ ಕೂಡಲೇ ಬೋರ್ಡಿನ ಪೋರ್ಟ್‌ಗಳು ಸತ್ತವು. ಮೊದಲೂ ಎರಡು ಮಾನಿಟರ್, 6,370 ಕಳೆದ ಮೇಲೂ ಎರಡೇ ಮಾನಿಟರ್. ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್) ಪ್ರೊಸೆಸರ್ ಒಳಗಿನ ಗ್ರಾಫಿಕ್ಸನ್ನೂ ಆನ್ ಇಡುವ ಒಂದು ಸಾಲು ಇದೆ ಅಂತ ಗೊತ್ತಾಗಲು 11 ದಿನ ಬೇಕಾಯಿತು. ಈಗ ನಾಲ್ಕೂ ಓಡುತ್ತಿವೆ. ರಬ್ಬರ್ ಬ್ಯಾಂಡ್ ಇನ್ನೂ ಡ್ರಾಯರಿನಲ್ಲಿದೆ.

ಯುಎಸ್‌ಬಿ_ಸಾಕು:
ಇಷ್ಟೆಲ್ಲ ಯಾಕೆ ಬೇಕಿತ್ತು? ನಾನು ಡಬ್ಬ ಬಿಚ್ಚಲೇ ಇಲ್ಲ. ಯುಎಸ್‌ಬಿಯಿಂದಲೇ ಮಾನಿಟರ್‌ಗೆ ಚಿತ್ರ ಕಳಿಸುವ, ಡಿಸ್‌ಪ್ಲೇಲಿಂಕ್ ಚಿಪ್ ಇರುವ ಅಡಾಪ್ಟರ್, 3,400. ಡ್ರೈವರ್ ಹಾಕಿದೆ, ಹತ್ತೇ ನಿಮಿಷ. ಮೂರು ವರ್ಷವಾಯಿತು. ನೀಲಿ ಪೋರ್ಟ್‌ಗೇ (ಯುಎಸ್‌ಬಿ 3) ಹಾಕಬೇಕು, ಹಳೇ ಯುಎಸ್‌ಬಿ 2ಕ್ಕೆ ಹಾಕಿದರೆ ಮೌಸ್ ತೆವಳುತ್ತದೆ. ಎರಡು ಸಲ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಪರದೆ ಬರಲಿಲ್ಲ, ಡ್ರೈವರ್ ಮತ್ತೆ ಹಾಕಿದೆ. ಅಷ್ಟೇ ತಾಪತ್ರಯ.

ಹಳೇಮಾಲು_ಗಿರಾಕಿ:
"ಅಷ್ಟೇ ತಾಪತ್ರಯ" ಅಂತೆ. ಅದು ಗ್ರಾಫಿಕ್ಸೇ ಅಲ್ಲ ಸ್ವಾಮಿ. ಪ್ರೊಸೆಸರ್ ಪ್ರತಿ ಚಿತ್ರವನ್ನೂ ಹಿಂಡಿ ಯುಎಸ್‌ಬಿಯಲ್ಲಿ ತಳ್ಳುತ್ತದೆ. ಹಳೇ ಐ5ಗೆ ಆ ಹೊರೆ ಯಾಕೆ?

ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಎನ್‌ವಿಎಸ್ 510 ಗ್ರಾಫಿಕ್ಸ್ ಕಾರ್ಡ್. ಗಿಡ್ಡ ಕಾರ್ಡು, ನಾಲ್ಕು ಮಿನಿ ಡಿಸ್‌ಪ್ಲೇ ಪೋರ್ಟ್, 35 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ. 2,200ಕ್ಕೆ ಸಿಕ್ಕಿತು ಅಂತ ಬೀಗುತ್ತಿದ್ದೆ. ಆಮೇಲೆ ಕೇಬಲ್! ಮಿನಿ ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಒಂದಕ್ಕೆ 650. ನಾಲ್ಕಕ್ಕೆ 2,600. ಕುದುರೆಗಿಂತ ಜೀನು ದುಬಾರಿ. ಅದರಲ್ಲೊಂದು ಕೇಬಲ್ ವಾರಕ್ಕೇ ಕೈಕೊಟ್ಟಿತು. ಫ್ಯಾನು ಗೊರಗೊರ ಅನ್ನುತ್ತಿತ್ತು, ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ, ಸುಮ್ಮನಾಯಿತು.

ಯುಎಸ್‌ಬಿ_ಸಾಕು:
ಫ್ಯಾನಿಗೆ ಎಣ್ಣೆ ಹಾಕಿದವರು ನನ್ನ ಡ್ರೈವರ್ ಬಗ್ಗೆ ಮಾತಾಡುತ್ತಾರೆ. ಎಕ್ಸೆಲ್‌ನಲ್ಲಿ ಎಂಥ ಹೊರೆ? ನನ್ನದರಲ್ಲಿ 5 ಪರ್ಸೆಂಟ್ ಕೂಡ ದಾಟುವುದಿಲ್ಲ.

ಹಳೇಮಾಲು_ಗಿರಾಕಿ:
ಒಂದು ವಿಡಿಯೊ ಓಡಿಸಿ ನೋಡಿ, ಆಮೇಲೆ ಪರ್ಸೆಂಟ್ ಹೇಳಿ.

ಘಟ್ಟದಮೇಲೆ:
ಇಬ್ಬರೂ ಸ್ವಲ್ಪ ತಣ್ಣಗಾಗಿ. ನಾನು ಮೊದಲು ಮಾಡಿದ ದಡ್ಡತನ ಯಾರೂ ಮಾಡಬೇಡಿ. 900 ಕೊಟ್ಟು ಎಚ್‌ಡಿಎಂಐ ಸ್ಪ್ಲಿಟರ್ ತಂದೆ. ಎರಡು ಮಾನಿಟರ್‌ನಲ್ಲೂ ಒಂದೇ ಚಿತ್ರ! ಮದುವೆ ಮನೆಯ ಟಿವಿಗೆ ಸರಿ, ಕೆಲಸಕ್ಕಲ್ಲ. ಆಮೇಲೆ 4,800ಕ್ಕೆ ಎಂಎಸ್‌ಟಿ ಹಬ್ ತಂದೆ. ಡಿಸ್‌ಪ್ಲೇ ಪೋರ್ಟ್ 1.2 ಇದ್ದರೆ ಒಂದೇ ಪೋರ್ಟಿನಿಂದ ಬೇರೆ ಬೇರೆ ಪರದೆ ತೆಗೆಯಬಹುದು. ಹಬ್‌ನಲ್ಲಿ ಮೂರು ಬಾಯಿ, ಬೋರ್ಡಿನಲ್ಲಿ ಇನ್ನೊಂದು, ಒಟ್ಟು ನಾಲ್ಕು ಅಂತ ಕನಸು ಕಂಡೆ. ಮೂರೇ ಬಂದವು. ನಾಲ್ಕನೆಯದು "ಸಿಗ್ನಲ್ ಇಲ್ಲ". ಹಬ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ, ಒಂದು ಭಾನುವಾರ ಪೂರ್ತಿ ಹೋಯಿತು. ಆ ಕಾಲದ ಇಂಟೆಲ್ ಒಳಗ್ರಾಫಿಕ್ಸ್ ಒಟ್ಟು ಮೂರೇ ಪರದೆ ಓಡಿಸುವುದು, ಎಷ್ಟು ಬಾಯಿ ಇದ್ದರೂ.

ಬಿಸಿಬ್ಲೇಡ್:
ಎಕ್ಸ್1 ಸ್ಲಾಟನ್ನು ಯಾರೂ ಲೆಕ್ಕಕ್ಕೇ ತಗೊಂಡಿಲ್ಲ. ಅದರ ಹಿಂದಿನ ಗೋಡೆಯನ್ನು ಕಾಸಿದ ಬ್ಲೇಡಿನಿಂದ ಕೊಯ್ದರೆ ಎಕ್ಸ್16 ಕಾರ್ಡೇ ಕೂರುತ್ತದೆ. ಸ್ಪೀಡ್ ಕಡಿಮೆ, ಆದರೆ ಅಕ್ಷರ ಓದಲು ಸಾಕು. ನಾನು ಮಾಡಿದ್ದೇನೆ.

ರಬ್ಬರ್‌ಬ್ಯಾಂಡ್:
ಎಷ್ಟು ಬೋರ್ಡ್ ಸುಟ್ಟ ಮೇಲೆ?

ಬಿಸಿಬ್ಲೇಡ್:
ಒಂದು. ಎರಡನೆಯದು ಸರಿಯಾಯಿತು.

ಹಳೇಮಾಲು_ಗಿರಾಕಿ:
ರಿಟರ್ನ್ಸ್ ಹಾಕುವವರ ಕೈಗೆ ಕಾಸಿದ ಬ್ಲೇಡ್ ಕೊಡುತ್ತೀರಲ್ಲ ಗುರುಗಳೇ! ಎಕ್ಸ್1ಕ್ಕೇ ಕೂರುವ, ನಾಲ್ಕು ಎಚ್‌ಡಿಎಂಐ ಇರುವ ಜಿಟಿ 710 ಕಾರ್ಡನ್ನು ಏಸಸ್ 2020ರಲ್ಲೇ ತಂದಿದೆ. ಕೊಯ್ಯುವುದು ಯಾಕೆ?

ಬಿಸಿಬ್ಲೇಡ್:
ಅದರ ರೇಟ್ ನೋಡಿ ಬನ್ನಿ, ಆಮೇಲೆ ನನಗೆ ಬುದ್ಧಿ ಹೇಳಿ.

ಒಂದೇ_ದೊಡ್ಡದು:
43 ಇಂಚಿನ 4ಕೆ ಟಿವಿ ಒಂದನ್ನೇ ಇಟ್ಟುಕೊಂಡಿದ್ದೇನೆ, ನಾಲ್ಕು ಮಾನಿಟರ್‌ಗೆ ಸಮ. ಕತ್ತು ಮಾತ್ರ ನೋಯುತ್ತದೆ. ಕುರ್ಚಿ ಬದಲಾಯಿಸಿದೆ, 7,500.

ಯುಎಸ್‌ಬಿ_ಸಾಕು:
ಕುರ್ಚಿಯ ದುಡ್ಡಿಗೆ ನನ್ನಂಥ ಎರಡು ಅಡಾಪ್ಟರ್ ಬರುತ್ತಿತ್ತು.

ಘಟ್ಟದಮೇಲೆ:
ತಡೀರಿ, ಪ್ರಶ್ನೆಯನ್ನು ಈಗ ಮತ್ತೆ ಓದಿದೆ. ಹಿಂದೆ ಎರಡು ಡಿಸ್‌ಪ್ಲೇ ಪೋರ್ಟ್, ಒಂದು ವಿಜಿಎ. 6ನೇ ಜನರೇಶನ್. ಮೂರನೆಯದಕ್ಕೆ ಏನೂ ಕೊಳ್ಳುವುದೇ ಬೇಡ ಅಲ್ವಾ? ವಿಜಿಎಗೆ ಹಾಕಿದರೆ ಆಯಿತು.

ಲೆಕ್ಕದಪುಸ್ತಕ:
ಸರ್ ಅಲ್ಲ, ಮೇಡಂ. ಅಟ್ಟದ ಮೇಲೆ ಹಳೇ 17 ಇಂಚಿನ ಮಾನಿಟರ್ ಇತ್ತು, ಅದರ ನೀಲಿ ಮೂತಿಯ ಕೇಬಲ್ ಜೊತೆಗೇ ಸುತ್ತಿಟ್ಟಿದ್ದೆ. ಧೂಳು ಒರೆಸಿ ವಿಜಿಎಗೆ ಹಾಕಿದೆ, ಬಂತು. ಪೋರ್ಟಲ್ ಅಲ್ಲಿಗೆ ಹೋಯಿತು. ಅಕ್ಷರ ಸ್ವಲ್ಪ ಮಸುಕು, ಪರವಾಗಿಲ್ಲ. ನಾಲ್ಕನೆಯದಕ್ಕೆ ಆ ಎನ್‌ವಿಎಸ್ ಕಾರ್ಡು ನೋಡಲಾ? ಕೇಬಲ್ ಒಂದೇ ಸಾಕಲ್ವಾ?

ಹಳೇಮಾಲು_ಗಿರಾಕಿ:
ನೋಡಿ ಮೇಡಂ, ಚಿಕ್ಕ ಬ್ರಾಕೆಟ್ ಇದೆಯಾ ಅಂತ ಫೋಟೋ ತರಿಸಿಕೊಂಡೇ ದುಡ್ಡು ಕಳಿಸಿ. ಕೇಬಲ್ ಒಂದೇ ಸಾಕು. ಬಯೋಸ್‌ನ ಆ ಸಾಲು ಮರೆಯಬೇಡಿ.

ಯುಎಸ್‌ಬಿ_ಸಾಕು:
ಒಂದೇ ಮಾನಿಟರ್‌ಗೆ ಡಬ್ಬ ಬಿಚ್ಚಿ, ಬಯೋಸ್‌ಗೆ ಕೈ ಹಾಕಿ, ಫ್ಯಾನಿಗೆ ಎಣ್ಣೆ ಬಿಡಬೇಕಾ? ಮೇಡಂ, 3,400.

ಹಳೇಮಾಲು_ಗಿರಾಕಿ:
ಮತ್ತೆ ಶುರುವಾಯಿತು.