ಒಂದೇ ಖಾತೆಯಲ್ಲಿ ಮೂರು ‘ಸೆಂಟ್’ ಫೋಲ್ಡರ್‌ಗಳು: ತಂತ್ರಾಂಶವೇ ಗುರುತಿಸಲಿ ಎಂದು ಬಿಡಬೇಕೇ, ನಾವೇ ಸೂಚಿಸಬೇಕೇ?

ಪ್ರಶ್ನೆ (ನಾಪೋಕ್ಲು)

ನಾಪೋಕ್ಲು ಸಮೀಪದ ನಮ್ಮ ಕಾಫಿ ತೋಟದಲ್ಲಿ ಸಣ್ಣದೊಂದು ಹೋಂಸ್ಟೇ ನಡೆಸುತ್ತಿದ್ದೇವೆ. ಕೊಠಡಿ ಕಾಯ್ದಿರಿಸುವ ಪತ್ರವ್ಯವಹಾರವೆಲ್ಲ ನಮ್ಮದೇ ಡೊಮೈನ್‌ನ ಒಂದು ಖಾತೆಯಲ್ಲಿ, ಐಮ್ಯಾಪ್ (ಪತ್ರಗಳನ್ನು ಸರ್ವರಿನಲ್ಲೇ ಇಟ್ಟು ಹಲವು ಸಾಧನಗಳಿಂದ ನೋಡುವ ವಿಧಾನ) ಮೂಲಕ ನಡೆಯುತ್ತದೆ. ನನ್ನ ಕಂಪ್ಯೂಟರ್, ಪತ್ನಿಯ ಫೋನ್, ಮಡಿಕೇರಿಯಲ್ಲಿರುವ ತಮ್ಮನ ಲ್ಯಾಪ್‌ಟಾಪ್ ಮೂರರಲ್ಲೂ ಬೇರೆ ಬೇರೆ ತಂತ್ರಾಂಶಗಳಿವೆ. ಫೋಲ್ಡರ್ ಆಯ್ಕೆಯನ್ನು ಮೂರರಲ್ಲೂ ‘ಆಟೋಮ್ಯಾಟಿಕ್’ ಎಂದೇ ಬಿಟ್ಟಿದ್ದೆವು. ಈಗ ಸರ್ವರಿನಲ್ಲಿ ‘ಸೆಂಟ್’, ‘ಸೆಂಟ್ ಐಟಮ್ಸ್’, ‘ಸೆಂಟ್ ಮೆಸೇಜಸ್’ ಎಂಬ ಮೂರು ಫೋಲ್ಡರ್‌ಗಳಾಗಿವೆ. ಒಬ್ಬರು ಕಳುಹಿಸಿದ ಉತ್ತರ ಇನ್ನೊಬ್ಬರ ಕಣ್ಣಿಗೆ ಬೀಳದೆ, ಕಳೆದ ಹುತ್ತರಿಯ ವಾರ ಒಂದೇ ಕೊಠಡಿಯನ್ನು ಎರಡು ಕುಟುಂಬಗಳಿಗೆ ಒಪ್ಪಿಕೊಂಡುಬಿಟ್ಟೆವು. ಎಲ್ಲವನ್ನೂ ಕೈಯಾರೆ ಹೊಂದಿಸುವುದೇ ಮೇಲೇ?

ಉತ್ತರ (ವಿರಾಜಪೇಟೆ)

‘ಆಟೋಮ್ಯಾಟಿಕ್’ ಎಂಬ ಒಂದೇ ಪದದ ಹಿಂದೆ ಎರಡು ಬೇರೆ ಕೆಲಸಗಳಿರುವುದರಿಂದ ಈ ಗೊಂದಲ ಹುಟ್ಟುತ್ತದೆ. ಐಮ್ಯಾಪ್‌ನಲ್ಲಿ ಹೆಸರು ನಿಗದಿಯಾಗಿರುವುದು ‘ಇನ್‌ಬಾಕ್ಸ್’ ಒಂದಕ್ಕೆ ಮಾತ್ರ; ಉಳಿದ ಫೋಲ್ಡರ್‌ಗಳನ್ನು ಯಾರು ಏನೆಂದು ಬೇಕಾದರೂ ಕರೆಯಬಹುದು. ಆದ್ದರಿಂದಲೇ 2011ರಲ್ಲಿ ಬಂದ ಅಂತರ್ಜಾಲ ಮಾನದಂಡದ ದಾಖಲೆಯಾದ ಆರ್‌ಎಫ್‌ಸಿ 6154, ಫೋಲ್ಡರ್‌ಗಳ ಪಟ್ಟಿ ಕೊಡುವಾಗ ಯಾವುದು ಕಳುಹಿಸಿದ ಪತ್ರಗಳದ್ದು, ಯಾವುದು ಕರಡುಗಳದ್ದು, ಯಾವುದು ಕಸದ ಬುಟ್ಟಿ ಎಂದು ಸರ್ವರೇ ಗುರುತು ಹಚ್ಚಿ ಹೇಳುವ ‘ಸ್ಪೆಷಲ್-ಯೂಸ್’ ವ್ಯವಸ್ಥೆಯನ್ನು ತಂದಿತು. ಸರ್ವರು ಹೀಗೆ ಹೇಳಿದರೆ, ತಂತ್ರಾಂಶವು ಅದನ್ನು ಕೇಳಿಸಿಕೊಂಡರೆ, ಅದು ನಿಜವಾದ ಪತ್ತೆ. ಸರ್ವರು ಸುಮ್ಮನಿದ್ದಾಗ ತಂತ್ರಾಂಶವು ಹೆಸರು ನೋಡಿ ಊಹಿಸುತ್ತದೆ, ಊಹೆಗೆ ಏನೂ ಸಿಗದಿದ್ದರೆ ತನಗೆ ರೂಢಿಯಾದ ಹೆಸರಿನಲ್ಲಿ ಹೊಸದೊಂದನ್ನು ಸೃಷ್ಟಿಸುತ್ತದೆ. ನಿಮ್ಮಲ್ಲಿ ಆಗಿರುವುದು ಬಹುಶಃ ಇದೇ. ಮೊದಲು ಸರ್ವರನ್ನು ಸರಿಪಡಿಸಿಕೊಳ್ಳಿ. ಡವ್‌ಕಾಟ್ (ಐಮ್ಯಾಪ್ ಸರ್ವರ್ ತಂತ್ರಾಂಶ) ಆಗಿದ್ದರೆ ಆ ಫೋಲ್ಡರಿನ ಸಂಯೋಜನೆಯಲ್ಲಿ (ಕಾನ್ಫಿಗರೇಶನ್) ಒಂದು ಸಾಲಿನ ಕೆಲಸ.

ಉತ್ತರ (ಕುಶಾಲನಗರ)

ಮೇಲಿನ ವಿವರಣೆ ಸರಿ, ಆದರೆ ಬಾಡಿಗೆ ಸರ್ವರಿನ ಸಂಯೋಜನೆಯನ್ನು ಮುಟ್ಟುವ ಅಧಿಕಾರ ಪ್ರಶ್ನೆ ಕೇಳಿದವರಿಗೆ ಇರುವುದು ಅನುಮಾನ. ಅಲ್ಲದೆ ಗುರುತು ಇದ್ದ ಮಾತ್ರಕ್ಕೆ ಗೊಂದಲ ತಪ್ಪುವುದಿಲ್ಲ: ಡವ್‌ಕಾಟ್ ಜೊತೆಗೆ ಬರುವ ಮಾದರಿ ಸಂಯೋಜನೆಯಲ್ಲೇ ‘ಸೆಂಟ್’ ಮತ್ತು ‘ಸೆಂಟ್ ಮೆಸೇಜಸ್’ ಎರಡಕ್ಕೂ ಒಂದೇ ಗುರುತು ಹಚ್ಚಲಾಗಿದೆ, ಒಂದನ್ನು ಬಳಕೆದಾರರೇ ಅಳಿಸಿಕೊಳ್ಳಲಿ ಎಂಬ ಭಾವದಲ್ಲಿ. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂಬುದು ಆಗ ಪುನಃ ತಂತ್ರಾಂಶದ ಮರ್ಜಿ.

ಆದ್ದರಿಂದ ಮೂವರೂ ಕೂತು ‘ಸೆಂಟ್’ ಒಂದನ್ನೇ ಇಟ್ಟುಕೊಳ್ಳುವುದೆಂದು ಒಪ್ಪಿ, ಪ್ರತಿ ಸಾಧನದಲ್ಲೂ ಕೈಯಾರೆ ಅದನ್ನೇ ಆರಿಸಿ. ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ ಇದು ಖಾತೆಯ ಸೆಟ್ಟಿಂಗ್ಸ್‌ನ ‘ಕಾಪೀಸ್ ಆಂಡ್ ಫೋಲ್ಡರ್ಸ್’ ಪುಟದಲ್ಲಿದೆ. ಕೆಲವು ಸರ್ವರುಗಳಲ್ಲಿ ಎಲ್ಲ ಫೋಲ್ಡರ್‌ಗಳೂ ‘ಇನ್‌ಬಾಕ್ಸ್’ ಒಳಗೇ ಇರಬೇಕಾಗುತ್ತದೆ. ಅಂಥಲ್ಲಿ ಹೆಸರಿನ ಮುಂದೆ ‘ಇನ್‌ಬಾಕ್ಸ್’ ಎಂಬ ಪೂರ್ವಪದವನ್ನು ಸೇರಿಸದಿದ್ದರೆ ಫೋಲ್ಡರ್ ಸೃಷ್ಟಿಯೇ ಆಗದು.

ಕನ್ನಡದಲ್ಲಿ ಹೆಸರಿಡುವ ಆಸೆ ನನಗೂ ಇತ್ತು. ಐಮ್ಯಾಪ್ ಅಂಥ ಹೆಸರುಗಳನ್ನು ಬದಲಿಸಿದ ಯುಟಿಎಫ್-7 ಸಂಕೇತದಲ್ಲಿ (ಬೇರೆ ಲಿಪಿಯ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರ-ಚಿಹ್ನೆಗಳಲ್ಲಿ ಬರೆಯುವ ವಿಧಾನ) ಇಡುವುದರಿಂದ, ಅದನ್ನು ಬಿಡಿಸಲಾರದ ಒಂದು ಹಳೆಯ ತಂತ್ರಾಂಶದಲ್ಲಿ ನನ್ನ ‘ಕಳುಹಿಸಿದವು’ ತಲೆಬುಡವಿಲ್ಲದ ಅಕ್ಷರಗಳ ಸಾಲಾಗಿ ಕಂಡಿತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಸರ್ವರ್ ಒದಗಿಸುವವರನ್ನು ವಿಚಾರಿಸಿದಾಗ ಎರಡು ಫೋಲ್ಡರ್‌ಗಳಿಗೆ ಒಂದೇ ಗುರುತಿರುವುದು ತಿಳಿಯಿತು. ಅದನ್ನು ಬದಲಿಸಲು ಅವರು ಒಪ್ಪಲಿಲ್ಲ. ಹಾಗಾಗಿ ಮೂರೂ ಕಡೆ ಕೈಯಾರೆ ‘ಸೆಂಟ್’ ಅನ್ನೇ ಆರಿಸಿದ್ದೇವೆ. ಇನ್ನೆರಡು ಸಂದೇಹಗಳಿವೆ. ಹಳೆಯ ಸಾವಿರಾರು ಪತ್ರಗಳನ್ನು ಒಂದೆಡೆ ಸೇರಿಸಬೇಕು, ಆದರೆ ಮಳೆಗಾಲದ ನಮ್ಮ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ. ತೋಟದ ಚಿತ್ರಗಳಿರುವ ಪತ್ರ ಕಳುಹಿಸುವಾಗ ಡೇಟಾ ದುಪ್ಪಟ್ಟು ಖರ್ಚಾಗುವುದೇಕೆ?

ಉತ್ತರ (ವಿರಾಜಪೇಟೆ)

ಒಂದೇ ಖಾತೆಯೊಳಗೆ ಸ್ಥಳಾಂತರಿಸಿದರೆ ಕೆಲಸ ಸರ್ವರಿನಲ್ಲೇ ಮುಗಿಯುತ್ತದೆ. ಪತ್ರಗಳು ನಿಮ್ಮ ಯಂತ್ರಕ್ಕೆ ಇಳಿದು ಮತ್ತೆ ಏರಬೇಕಾಗಿಲ್ಲ. ಐನೂರರಂತೆ ಆರಿಸಿ ಸರಿಸಿ, ಎಣಿಕೆ ತಾಳೆ ನೋಡಿದ ಮೇಲಷ್ಟೇ ಖಾಲಿ ಫೋಲ್ಡರ್‌ಗಳನ್ನು ಅಳಿಸಿ.

ದುಪ್ಪಟ್ಟು ಖರ್ಚಿಗೆ ಕಾರಣವೆಂದರೆ, ಪತ್ರ ಎಸ್‌ಎಂಟಿಪಿ (ಇಮೇಲ್ ಕಳುಹಿಸುವ ವಿಧಾನ) ಮೂಲಕ ಒಮ್ಮೆ ಹೋದ ಬಳಿಕ ಅದರ ಪ್ರತಿಯನ್ನು ತಂತ್ರಾಂಶವು ಐಮ್ಯಾಪ್ ಮೂಲಕ ‘ಸೆಂಟ್’ ಫೋಲ್ಡರಿಗೆ ಇನ್ನೊಮ್ಮೆ ಏರಿಸುತ್ತದೆ. ಜಿಮೇಲ್‌ನಂತೆ ಸರ್ವರೇ ಪ್ರತಿ ಇಟ್ಟುಕೊಳ್ಳುವಲ್ಲಿ ತಂತ್ರಾಂಶದ ಪ್ರತಿಯನ್ನು ನಿಲ್ಲಿಸಬಹುದು. ನಿಮ್ಮ ಸರ್ವರು ಹಾಗೆ ಮಾಡದಿದ್ದರೆ ನಿಲ್ಲಿಸಬೇಡಿ. ಚಿತ್ರಗಳನ್ನು ಕುಗ್ಗಿಸಿ ಕಳುಹಿಸಿ.