ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಕೆಲಸದ ಮಟ್ಟ ಏರಿಸಬೇಕು: ಮೊದಲು ಯಾವುದಕ್ಕೆ ಕೈ ಹಾಕುವುದು?

ಪ್ರಶ್ನೆ

ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪ್. ನೋಂದಾಯಿತ ಫಾರ್ಮಸಿಸ್ಟ್ ನಾನೊಬ್ಬಳೇ, ಜೊತೆಗೆ ಇಬ್ಬರು ಹುಡುಗರು. ದಿನಕ್ಕೆ ಸುಮಾರು 120 ಚೀಟಿ, ಅದರಲ್ಲಿ ಅರ್ಧದಷ್ಟು ಸಂಜೆ 6ರಿಂದ 9ರೊಳಗೆ. ಲೈಸೆನ್ಸ್, ಫ್ರಿಜ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಇದೆ. ಆದರೂ ನಡೆಯುತ್ತಿರುವುದು ಸ್ಟ್ರಿಪ್ ತೆಗೆದು, ಬಿಲ್ ಮಾಡಿ, ಕವರ್‌ಗೆ ಹಾಕಿಕೊಡುವ ಕೆಲಸವಷ್ಟೇ. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಎಂಬ ನಿಯಮಗಳು ಕೇಳುವ ರೋಗಿ ಸಮಾಲೋಚನೆ (ಔಷಧ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸಿ ಹೇಳುವುದು), ದಾಖಲೆ ಇವನ್ನೆಲ್ಲ ಇಷ್ಟೇ ಜನರಿಂದ ಮಾಡಿಸುವುದು ಹೇಗೆ?

ಉತ್ತರ 1

ಸಮಾಲೋಚನೆ ಆಮೇಲೆ, ಮೇಡಂ. ಮೊದಲು ತೆಗೆಯುವ ಕೈ ಬೇರೆ, ಪರೀಕ್ಷಿಸುವ ಕಣ್ಣು ಬೇರೆ ಆಗಲಿ.

ಎಂಟು-ಹತ್ತು ಪ್ಲಾಸ್ಟಿಕ್ ಟ್ರೇ ತನ್ನಿ. ಒಂದು ಚೀಟಿಗೆ ಒಂದು ಟ್ರೇ. ಹುಡುಗರು ಔಷಧ ತೆಗೆದು ಚೀಟಿಯ ಜೊತೆ ಟ್ರೇಯಲ್ಲಿಟ್ಟು ನಿಮ್ಮ ಮುಂದೆ ತರಬೇಕು. ನೀವು ನೋಡದೆ ಯಾವುದೂ ಕವರ್‌ಗೆ ಹೋಗಕೂಡದು. ನೋಡುವಾಗ ಮೊದಲು ಚೀಟಿ ಓದಿ, ಆಮೇಲೆ ಸ್ಟ್ರಿಪ್. ಸ್ಟ್ರಿಪ್ ಮೊದಲು ಕಂಡರೆ ಅದರ ಹೆಸರೇ ತಲೆಯಲ್ಲಿ ಕೂತು, ಡಾಕ್ಟರ ಗೀಚು ಅಕ್ಷರವೂ ಹಾಗೇ ಓದಿಸಿಕೊಳ್ಳುತ್ತದೆ. ಹೆಸರು, ಮಿಲಿಗ್ರಾಂ, ಮಾತ್ರೆಯೋ ಸಿರಪ್ಪೋ, ಎಷ್ಟು, ಎಕ್ಸ್‌ಪೈರಿ ಯಾವಾಗ, ಐದನ್ನೂ ಬೆರಳಿಟ್ಟು ನೋಡಿ.

ರ‍್ಯಾಕ್ ಕೂಡ ಬದಲಾಗಬೇಕು. ಅಕ್ಷರಕ್ರಮದಲ್ಲಿ ಜೋಡಿಸಿದರೆ ಹುಡುಕುವುದು ಸುಲಭ, ತಪ್ಪುವುದು ಅದಕ್ಕಿಂತ ಸುಲಭ. ಮೆಟ್‌ಫಾರ್ಮಿನ್ 500 ಮತ್ತು ಮೆಟ್ರೊನಿಡಜೋಲ್ 500, ಹೈಡ್ರಾಲಜೀನ್ ಮತ್ತು ಹೈಡ್ರಾಕ್ಸಿಜೀನ್ ಅಕ್ಕಪಕ್ಕ ಬಂದು ಕೂರುತ್ತವೆ. ಇಂಥ ಜೋಡಿಗಳನ್ನು ಬೇರೆ ಬೇರೆ ಸಾಲಿಗೆ ಹಾಕಿ.

ಮೆಥೊಟ್ರೆಕ್ಸೇಟ್‌ಗಂತೂ ಪ್ರತ್ಯೇಕ ಡಬ್ಬಿಯೇ ಬೇಕು. ಸಂಧಿವಾತಕ್ಕೆ ಅದನ್ನು ವಾರಕ್ಕೊಮ್ಮೆ ತೆಗೆದುಕೊಳ್ಳುವುದು. ದಿನಾ ನುಂಗಿದರೆ ಬಾಯಿಹುಣ್ಣು, ಅಸ್ಥಿಮಜ್ಜೆ ಕುಗ್ಗುವುದು, ಜೀವಕ್ಕೇ ಕುತ್ತು. ಜೊತೆಗೆ ಬರೆಯುವ ಫೋಲಿಕ್ ಆಸಿಡ್ ಮಾತ್ರೆಯೂ ಹಳದಿ, ಅದೂ ಚಿಕ್ಕದು, ಮನೆಯಲ್ಲಿ ಅದಲುಬದಲಾಗುತ್ತದೆ. ಕವರ್ ಮೇಲೆ ವಾರದ ಹೆಸರನ್ನೇ ದಪ್ಪಕ್ಷರದಲ್ಲಿ ಬರೆಯಿರಿ: “ಮಂಗಳವಾರ ಮಾತ್ರ”.

ಸ್ಟ್ರಿಪ್ ಕತ್ತರಿಸಿ ಕೊಡುವಾಗ ಬ್ಯಾಚ್, ಎಕ್ಸ್‌ಪೈರಿ ಇರುವ ತುಂಡು ಅಂಗಡಿಯಲ್ಲೇ ಉಳಿಯಲಿ. ರೋಗಿಗೆ ಹೋಗುವ ತುಂಡಿನ ಕವರ್ ಮೇಲೆ ಹೆಸರು, ಬ್ಯಾಚ್, ಎಕ್ಸ್‌ಪೈರಿ ಮೂರನ್ನೂ ಬರೆಯದೆ ಕೊಡಬೇಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಟ್ರೇ ನಿಮ್ಮ ಕೈಗೇ ಬರುವಾಗ ಸಮಾಲೋಚನೆಗೆ ಬೇರೆ ಹೊತ್ತು ಹುಡುಕಬೇಕಿಲ್ಲ, ಕೊಡುವಾಗಲೇ ಒಂದು ನಿಮಿಷ ಸಾಕು. 120 ಜನಕ್ಕೂ ಬೇಡ. ಮಕ್ಕಳ ಸಿರಪ್, ಇನ್ಸುಲಿನ್, ಇನ್‌ಹೇಲರ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಹೊಸದಾಗಿ ಶುರುವಾದ ಬಿಪಿ-ಶುಗರ್ ಮಾತ್ರೆ, ಇಷ್ಟಕ್ಕೆ ತಪ್ಪಿಸಬೇಡಿ.

“ಅರ್ಥ ಆಯ್ತಾ?” ಎಂದು ಕೇಳಬೇಡಿ, ಎಲ್ಲರೂ “ಹೂಂ” ಅನ್ನುತ್ತಾರೆ. “ಮನೆಗೆ ಹೋಗಿ ಹೇಗೆ ಕೊಡ್ತೀರಿ, ಹೇಳಿ ನೋಡೋಣ” ಅನ್ನಿ. ತಪ್ಪು ಅಲ್ಲೇ ಹೊರಬೀಳುತ್ತದೆ.

ಪ್ಯಾರಾಸಿಟಮಾಲ್ ನೋಡಿ. ಡ್ರಾಪ್ಸ್ ಒಂದು ಮಿ.ಲೀ.ಗೆ 100 ಮಿ.ಗ್ರಾಂ., ಸಿರಪ್ 5 ಮಿ.ಲೀ.ಗೆ 125 ಅಥವಾ 250. ಹತ್ತು ಕಿಲೋ ಮಗುವಿಗೆ ಕಿಲೋಗೆ 15ರಂತೆ 150 ಮಿ.ಗ್ರಾಂ. ಅಂದರೆ 125ರ ಸಿರಪ್ 6 ಮಿ.ಲೀ., 250ರದ್ದು 3, ಡ್ರಾಪ್ಸ್ ಒಂದೂವರೆ. ಹಳೇ ಬಾಟಲಿಯ 6 ಮಿ.ಲೀ. ಲೆಕ್ಕವನ್ನೇ ತಾಯಿ ಡ್ರಾಪ್ಸ್‌ಗೂ ಹಿಡಿದರೆ ನಾಲ್ಕು ಪಟ್ಟು ಹೋಯಿತು. ಚೀಟಿಯಲ್ಲಿ ಬರೀ “ಒಂದು ಚಮಚ” ಎಂದಿದ್ದರೆ ತೂಕ ಕೇಳಿ, ಲೆಕ್ಕ ತಾಳೆಯಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಅಳತೆ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡಿ. ಅಡುಗೆಮನೆ ಚಮಚ ಬೇಡವೇ ಬೇಡ.

ಓಆರ್‌ಎಸ್‌ನದ್ದೂ ಇದೇ ಕತೆ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು-ಸಕ್ಕರೆ ಅತಿಯಾಗಿ ಭೇದಿ ಹೆಚ್ಚುತ್ತದೆ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಬೇಕು.

ಇನ್‌ಹೇಲರ್‌ಗೆ ಡೆಮೊ ಪೀಸ್ ಒಂದಿಟ್ಟುಕೊಳ್ಳಿ. ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಮೆಲ್ಲಗೆ ಎಳೆಯಲು ಶುರುಮಾಡುತ್ತಲೇ ಒತ್ತಿ, ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಸ್ಟಿರಾಯ್ಡ್ ಇದ್ದರೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟುತ್ತದೆ.

ಉತ್ತರ 3

ದಾಖಲೆ ವಿಷಯ. ಶೆಡ್ಯೂಲ್ ಎಚ್‌1 (ಕೆಲವು ಆಂಟಿಬಯಾಟಿಕ್, ಟಿಬಿ, ಚಟ ಹತ್ತಿಸುವ ಔಷಧಗಳ ಸರ್ಕಾರಿ ಪಟ್ಟಿ) ರಿಜಿಸ್ಟರ್ 2014ರ ಮಾರ್ಚ್‌ನಿಂದ ಕಡ್ಡಾಯ: ಡಾಕ್ಟರ ಹೆಸರು-ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟಿರಿ. ಮೂರು ವರ್ಷ ಇಡಬೇಕು. ತಿಂಗಳ ಕೊನೆಗೆ ಬಿಲ್ ನೋಡಿ ತುಂಬುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಹಾಗೆ ತುಂಬಿದ ಪುಟದಲ್ಲಿ ಡಾಕ್ಟರ ಹೆಸರು ಊಹೆಯಾಗಿರುತ್ತದೆ.

ಫ್ರಿಜ್ “ಇದೆ” ಅಂದಿರಿ, ಒಳಗೆ ಎಷ್ಟು ಡಿಗ್ರಿ? ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ಬೆಳಿಗ್ಗೆ, ಸಂಜೆ ಬರೆದಿಡಿ. 2ರಿಂದ 8ರೊಳಗಿರಬೇಕು. ಇನ್ಸುಲಿನ್ ಬಾಗಿಲಲ್ಲೂ ಬೇಡ, ಫ್ರೀಜರ್‌ಗೆ ತಾಗಿಕೊಂಡೂ ಬೇಡ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಸರಿಯಾಗಿಯೇ ಕಾಣಬಹುದು, ಆದರೆ ನಂಬುವಂತಿಲ್ಲ, ಎಸೆಯಬೇಕು.

ಇನ್ನೊಂದು ನೋಟ್‌ಬುಕ್ ಇಡಿ. ಟ್ರೇಯಲ್ಲಿ ನೀವು ಹಿಡಿದ ತಪ್ಪುಗಳಿಗೆ ಮಾತ್ರ: ದಿನ, ಹೊತ್ತು, ಯಾವುದರ ಬದಲು ಯಾವುದು. ಯಾರು ತೆಗೆದದ್ದು ಎಂದು ಬರೆಯಬೇಡಿ, ಬರೆದರೆ ಹುಡುಗರು ಮುಚ್ಚಿಡಲು ಶುರುಮಾಡುತ್ತಾರೆ. ತಿಂಗಳಲ್ಲಿ ಒಂದೇ ಜೋಡಿ ಎರಡು ಸಲ ಬಂದರೆ ತಪ್ಪು ರ‍್ಯಾಕ್‌ನದ್ದು.

ಔಷಧದಿಂದ ತುರಿಕೆ, ಊತ ಎಂದು ಯಾರಾದರೂ ಮರಳಿ ಬಂದರೆ ಡಾಕ್ಟರ ಹತ್ತಿರ ಕಳಿಸಿ, ಜೊತೆಗೆ 1800-180-3024ಕ್ಕೆ ವರದಿಯನ್ನೂ ಮಾಡಿ. ಅದು ಔಷಧಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡುವ ರಾಷ್ಟ್ರೀಯ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮದ ಉಚಿತ ಸಂಖ್ಯೆ. ಬ್ಯಾಚ್ ಸಂಖ್ಯೆ ಕೇಳುತ್ತಾರೆ. ಕವರ್ ಮೇಲೆ ಬರೆದದ್ದು ಆಗ ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದ. ಟ್ರೇ ನಾಳೆಯೇ ತರುತ್ತೇನೆ. ನಾನಿಲ್ಲದ ಹೊತ್ತಿನಲ್ಲಿ? ಮಧ್ಯಾಹ್ನ ಎರಡು ಗಂಟೆ ಮನೆಗೆ ಹೋಗಲೇಬೇಕು.

ಉತ್ತರ 1

ಆ ಎರಡು ಗಂಟೆ ಚೀಟಿ ಔಷಧ ಕೊಡಬೇಡಿ. ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ ಚೀಟಿ ಔಷಧ ಕೊಡುವ ಅಧಿಕಾರ ನೋಂದಾಯಿತರಿಗೆ ಮಾತ್ರ. 2023ರ ತಿದ್ದುಪಡಿಯ ನಂತರ ದಂಡ 2 ಲಕ್ಷದವರೆಗೆ, 3 ತಿಂಗಳ ಜೈಲೂ ಆಗಬಹುದು. ಬೋರ್ಡ್ ಹಾಕಿ: “1ರಿಂದ 3 ಫಾರ್ಮಸಿಸ್ಟ್ ಇರುವುದಿಲ್ಲ, ಚೀಟಿ ಔಷಧ 3ರ ನಂತರ.” ಹುಡುಗರು ಚೀಟಿಯ ಫೋಟೊ, ಫೋನ್ ನಂಬರ್ ತೆಗೆದುಕೊಂಡು ಟ್ರೇ ಸಿದ್ಧ ಮಾಡಿಟ್ಟಿರಲಿ, ನೀವು ಬಂದು ನೋಡಿ ಕೊಡಿ. ತುರ್ತಿನವರಿಗೆ ಫಾರ್ಮಸಿಸ್ಟ್ ಇರುವ ಹತ್ತಿರದ ಅಂಗಡಿ ತೋರಿಸಿ. ನಾಲ್ಕು ಗಿರಾಕಿ ಆ ಕಡೆ ಹೋಗುತ್ತಾರೆ, ಹೋಗಲಿ.